ಬೊಮ್ಮುವಿನ ಬಿಳಿ ಬೊಟ್ಟು

ಆ ಐತವಾರ ಬೆಳಿಗ್ಗೆ ಕಿಶನನಿಗೆ ಮೊದಲ ಸಿಟ್ಟು ಬಂದದ್ದು ಬಸ್ಸಿನ ಕಿಟಕಿಯ ಮೇಲೆ. ಅದು ಅರ್ಧ ತೆರೆದು ಅಲ್ಲೇ ಕಚ್ಚಿಕೊಂಡಿತ್ತು. ಆಚೆಗೂ ಸರಿಯದು, ಈಚೆಗೂ ಬಾರದು. ಎರಡನೆಯದು ಕಂಡಕ್ಟರನ ಮೇಲೆ. ಕಿಶನನ ತೊಡೆಯ ಮೇಲಿದ್ದ ಉದ್ದನೆಯ ರಟ್ಟಿನ ಕೊಳವೆಯನ್ನು ನೋಡಿ, "ಇದೆಂತಾ ತಮಾ, ಕೊಳಲು ಊದುಕೆ ಹೊರಟ್ಯಾ?" ಎಂದು ಕೇಳಿ ಅವನು ಅರ್ಧ ಬಸ್ಸನ್ನು ನಗಿಸಿದ್ದ. ಮೂರನೆಯದು ಪಕ್ಕದಲ್ಲಿ ಕೂತು ತೂಕಡಿಸುತ್ತ, ಬೇರೆ ಜಾಗವೇ ಸಿಗದವನಂತೆ ಅದೇ ಕೊಳವೆಯ ಮೇಲೆ ಮೊಣಕೈ ಊರುತ್ತಿದ್ದ ಮುದುಕನ ಮೇಲೆ. ಬಿಣಗಾ ದಾಟುವುದರೊಳಗೆ ಮೂರು ಮುಗಿದಿದ್ದವು. ಕಾರವಾರದಿಂದ ಅಂಕೋಲೆ ಮುಟ್ಟುವುದರೊಳಗೆ ಅವನಿಗೆ ಏಳೆಂಟು ಸಿಟ್ಟು ಬರುವುದು ವಾಡಿಕೆ, ಅದರಲ್ಲಿ ವಿಶೇಷವಿರಲಿಲ್ಲ. ಆದರೆ ಇವತ್ತಿನ ದೊಡ್ಡ ಸಿಟ್ಟನ್ನು ಅವನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಅದು ಕೊಳವೆಯ ಒಳಗಿತ್ತು.

ಕೊಳವೆಯಲ್ಲಿ ಒಂದರ ಹೊಟ್ಟೆಯೊಳಗೊಂದು ಸುತ್ತಿಕೊಂಡು ಎರಡು ದೊಡ್ಡ ಫೋಟೋಗಳಿದ್ದವು. ಎರಡೂ ಒಂದೇ ಚಿಟ್ಟೆಯವು. ಅದೇ ಕೆಂಪು ಕೇಪಳದ ಗೊಂಚಲು, ಅದರ ಮೇಲೆ ಅಂಗೈಗಿಂತ ಅಗಲಕ್ಕೆ ರೆಕ್ಕೆ ಬಿಚ್ಚಿ ಕೂತ ಅದೇ ಚಿಟ್ಟೆ. ಮುಂದಿನ ರೆಕ್ಕೆ ಇದ್ದಿಲಿನ ಕಪ್ಪು, ಹಿಂದಿನದು ಅರಿಶಿನ ಕಲಸಿದ ಬಂಗಾರ. ಒಂದು ಫೋಟೋದಲ್ಲಿ ಎಡಗಡೆಯ ಕಪ್ಪು ರೆಕ್ಕೆಯ ಮೇಲೆ ಒಂದು ಬಿಳಿ ಬೊಟ್ಟಿತ್ತು. ಇನ್ನೊಂದರಲ್ಲಿ ಇರಲಿಲ್ಲ, ಏಕೆಂದರೆ ಶುಕ್ರವಾರ ಸಂಜೆ ಕಿಶನನೇ ಅದನ್ನು ತಾನು ಕೆಲಸಕ್ಕಿರುವ ಫೋಟೋ ಸ್ಟುಡಿಯೋದ ಕಂಪ್ಯೂಟರಿನಲ್ಲಿ ಅಳಿಸಿದ್ದ. ಮದುಮಗಳ ಗಲ್ಲದ ಮೊಡವೆ ತೆಗೆಯುವಷ್ಟೇ ಹೊತ್ತು ಸಾಕಾಗಿತ್ತು. ಆ ಬೊಟ್ಟು ಚಿಟ್ಟೆಯದಲ್ಲ, ತಾರ್ಲೆ ಮೀನಿನ ಹುರುಪೆ. ಮೀನು ದೋಣಿಗಳು ನಿಲ್ಲುವ ಬೈತಖೋಲದ ಧಕ್ಕೆಯ ಮೇಲೆ ಅಂಬೆಗಾಲಿಟ್ಟವನಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಪರದೆಯ ಮೇಲೆ ಚಿತ್ರ ದೊಡ್ಡದಾಗುತ್ತ ಬಂದು ಬೊಟ್ಟಿನೊಳಗಿನ ಸಣ್ಣ ಗೆರೆಗಳು ಕಾಣಿಸಿದ ಕೂಡಲೇ ಅವನಿಗೆ ಗುರುತು ಹತ್ತಿತ್ತು. ಆದರೆ ಭಾವಿಕೇರಿಯ ಜಯಂತಿ ಅಕ್ಕೋರು ಅದನ್ನು ಈವರೆಗೆ ಯಾರ ಕಣ್ಣಿಗೂ ಬೀಳದ ಗುರುತೆಂದು ನಂಬಿದ್ದರು. ಬರುವ ಗುರುವಾರ ಕಾರವಾರದಲ್ಲಿ ಫೋಟೋ ಪ್ರದರ್ಶನ. ಧಾರವಾಡದಿಂದ ಹುಳುಹುಪ್ಪಟೆ ಓದಿದ ದೊಡ್ಡವರೊಬ್ಬರು ಬರುತ್ತಾರೆ, ಅವರೆದುರು ಈ ಫೋಟೋದ ಪಕ್ಕ ನಿಂತು ಎರಡು ಮಾತು ಹೇಳುವುದಕ್ಕೆ ಅಕ್ಕೋರು ಪೆಟ್ಟಿಗೆಯಿಂದ ಒಳ್ಳೆಯ ಸೀರೆ ತೆಗೆದಿಟ್ಟಿದ್ದರು. ಬೊಟ್ಟಿನ ಫೋಟೋ ಕೊಟ್ಟರೆ ನಾಲ್ಕು ಜನರ ನಡುವೆ ಅವರ ಮುಖಕ್ಕೆ ಮಸಿ. ಬೊಟ್ಟಿಲ್ಲದ್ದನ್ನು ಕೊಟ್ಟು, "ಅದು ಲೆನ್ಸಿನ ಧೂಳಾಗಿತ್ತು ಅಕ್ಕೋರೆ" ಎಂದರೆ ಅವರು ನಂಬುತ್ತಾರೆ. ನಂಬುತ್ತಾರೆ ಎನ್ನುವುದೇ ಕಷ್ಟವಾಗಿತ್ತು. ನಿಜ ಹೇಳಿದರೆ ಅಕ್ಕೋರ ಹಿತ್ತಿಲಿನ ಬಾಗಿಲು ಅವನ ಪಾಲಿಗೆ ಮುಚ್ಚಿತು ಎಂದೇ ಅರ್ಥ. ಲೆನ್ಸಿನ ಧೂಳು, ಲೆನ್ಸಿನ ಧೂಳು ಎಂದು ಅವನು ತುಟಿಯೊಳಗೇ ರೂಢಿ ಮಾಡಿಕೊಂಡ. ಅರಗಾದ ನೌಕಾನೆಲೆಯ ಉದ್ದನೆಯ ಗೋಡೆ ಕಿಟಕಿಯ ಅರ್ಧದಲ್ಲಿ ಓಡುತ್ತಿತ್ತು, ಗೋಡೆಯಾಚೆ ಸಮುದ್ರವಿದೆಯೆಂಬುದನ್ನು ಗಾಳಿ ಮಾತ್ರ ಹೇಳುತ್ತಿತ್ತು.

ಅಕ್ಕೋರು ಶೆಟಗೇರಿಯ ಪ್ರಾಥಮಿಕ ಶಾಲೆಯಲ್ಲಿ ಕಲಿಸುವವರು. ಅವರ ಹಿತ್ತಿಲಿನಲ್ಲಿ ಕರಿಬೇವಿನ ಗಿಡ ಆಳೆತ್ತರ ಬೆಳೆದಿದ್ದರೂ ಒಗ್ಗರಣೆಯ ಎಲೆ ಪೇಟೆಯಿಂದ ಬರಬೇಕು. ಗಿಡವನ್ನು ಹುಳುಗಳಿಗೆ ಬಿಟ್ಟುಕೊಟ್ಟಾಗಿದೆ. ನಿಂಬೆಯದೂ ಅದೇ ಕತೆ. ಕಾಂಪೌಂಡಿನ ಮೇಲೆ ಹಬ್ಬಿದ ಈಶ್ವರಬಳ್ಳಿಯ ಎಲೆಗಳಲ್ಲಿ ತೂತಿಲ್ಲದ್ದು ಒಂದನ್ನು ಹುಡುಕಿ ತೆಗೆಯಿರಿ ನೋಡುವ. ಸೊಸೈಟಿಯ ನೌಕರಿಯಿಂದ ನಿವೃತ್ತರಾದ ಅವರ ಗಂಡ ರಾಮನಾಥ ನಾಯಕರು ಜಗಲಿಯ ಮೇಲೆ ಪೇಪರು ಬಿಡಿಸಿಕೊಂಡು, "ನಮ್ ಮನೇಲಿ ಮೊದಲ ಪಂಕ್ತಿ ಹುಳಕ್ಕೆ, ಎರಡನೇದು ನಂಗೆ" ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ಶಾಲೆಯಲ್ಲಿ ಯಾರಿಗೂ ಬೇಡವಾಗಿ ಉಳಿದ ಹಳೆಯ ಹಾಜರಿ ಪುಸ್ತಕವೊಂದರಲ್ಲಿ ಅಕ್ಕೋರು ಚಿಟ್ಟೆಗಳ ಹಾಜರಿ ಬರೆಯುತ್ತಿದ್ದರು. ವಿಜ್ಞಾನದ ಪುಸ್ತಕದ ಹೆಸರುಗಳು ಅವರಿಗೆ ಗೊತ್ತಿರಲಿಲ್ಲವೆಂದಲ್ಲ, ಆದರೆ ಅವರ ಪುಸ್ತಕದಲ್ಲಿ ಚಿಟ್ಟೆಗಳಿಗೆ ಅವರು ಕಲಿಸಿದ ಮಕ್ಕಳ ಹೆಸರು. ಬೆಳಕು ಹರಿಯುವುದೇ ತಡ ಬಂದು ನಿಂಬೆ ಗಿಡ ಸುತ್ತುವುದು ರಕ್ಷಿತಾ. ನೆಲಕ್ಕೆ ಅಂಟಿಕೊಂಡೇ ಹಾರುವ ಉಗುರಿನಷ್ಟು ನೀಲಿ, ಪುಟ್ಟು. ಹೂವಿನ ಮೇಲೆ ಕೂತವರನ್ನೆಲ್ಲ ಅಟ್ಟಿ ಓಡಿಸುವ ಕಿತ್ತಳೆ ಬಣ್ಣದ ಜಗಳಗಂಟ, ಭರತ. ಬಂದರೆ ಚೌಕದಲ್ಲೊಂದು ಗೆರೆ, ಬಾರದಿದ್ದರೆ ಖಾಲಿ. ಮೊದಮೊದಲು ಕಿಶನನಿಗೆ ಇದೆಲ್ಲ ತಲೆ ಕೆಟ್ಟವರ ಕೆಲಸ ಅನ್ನಿಸಿತ್ತು. "ಹದಿನೈದು ದಿವಸ ಬರದೇ ಇದ್ರೆ ಹೆಸರು ಹೊಡೆದು ಹಾಕೂದಲ್ವಾ ಅಕ್ಕೋರೆ?" ಎಂದು ಕೊಂಕಿನಿಂದಲೇ ಕೇಳಿದ್ದ. "ಯೆಂತಕ್ಕೆ ಹೊಡೀಬೇಕು? ಅದಕ್ಕೆ ಎಲ್ಲೋ ಕೆಲಸ ಇರ್ತದೆ" ಎಂದಿದ್ದರು ಅವರು, ಪೆನ್ನಿನ ತುದಿಯಿಂದ ಕಿವಿ ಕೆರೆದುಕೊಳ್ಳುತ್ತ. ಎಂಟನೆಯ ಇಯತ್ತೆಯಲ್ಲಿ ಮಾಸ್ತರರ ಮೇಜಿನ ಮೇಲೆ ತೆರೆದಿದ್ದ ಹಾಜರಿ ಪುಸ್ತಕದಲ್ಲಿ ಕಿಶನ ತನ್ನ ಹೆಸರಿನ ಮೇಲೆ ಕೆಂಪು ಗೆರೆ ಕಂಡಿದ್ದ. ರೂಲುಪಟ್ಟಿ ಇಟ್ಟು ಎಳೆದ ನೆಟ್ಟನೆಯ ಗೆರೆ. ಸಿಟ್ಟಿನಿಂದಲಾದರೂ ಗೀಚಬಾರದಿತ್ತೇ, ಇಷ್ಟು ಚಂದ ಮಾಡಿ ಯಾಕೆ ಹೊಡೆಯಬೇಕಿತ್ತು ಎಂದು ಅವನಿಗೆ ಈಗಲೂ ಒಮ್ಮೊಮ್ಮೆ ಪಾಸ್‌ಪೋರ್ಟ್ ಫೋಟೋ ಕತ್ತರಿಸುವಾಗ ಅನ್ನಿಸಿ ಕೈ ನಿಲ್ಲುತ್ತಿತ್ತು.

ಅಂಕೋಲೆಯ ಬಸ್‌ಸ್ಟ್ಯಾಂಡಿನಲ್ಲಿ ಅವನು ಭಾವಿಕೇರಿಯ ಬಸ್ಸಿಗೆ ಕಾಯುತ್ತ ನಿಂತ. ಹಿಂದಿನ ಬೇಸಿಗೆಯಲ್ಲಿ ಅಕ್ಕೋರು ಕಾರವಾರದ ಸ್ಟುಡಿಯೋಕ್ಕೆ ಒಂದು ಫಿಲ್ಮ್ ರೋಲು ತಂದಿದ್ದರು. ಸ್ಟುಡಿಯೋಕ್ಕೆ ಡಿಜಿಟಲ್ ಕ್ಯಾಮರಾ ಬಂದು ಎರಡು ವರ್ಷವಾಗಿತ್ತು, ರೋಲು ತರುವವರೇ ಅಪರೂಪ. ತೊಳೆದು ನೋಡಿದರೆ ಮೂವತ್ತಾರಕ್ಕೆ ಮೂವತ್ತಾರೂ ಮಂಜು. ಎಲೆಗಳ ನಡುವೆ ಬಣ್ಣದ ಉಗುಳು ಸಿಡಿದ ಹಾಗೆ ಏನೋ. "ಇದ್ರಲ್ಲಿ ಎಂತದೂ ಇಲ್ಲ. ದುಡ್ಡು ದಂಡ" ಎಂದು ಕಿಶನ ಮುಖಕ್ಕೆ ಹೊಡೆದಂತೆ ಹೇಳಿದ್ದ. ಒಳಗಿದ್ದ ಮಾಲೀಕ ತುಳಸಿದಾಸ ಗಿರಾಕಿ ಹೋಯಿತೆಂದು ಕೆಮ್ಮಿದ್ದ. ಅಕ್ಕೋರು ಬೇಸರಿಸದೆ ಒಂದೊಂದೇ ಫೋಟೋವನ್ನು ಬೆಳಕಿಗೆ ಹಿಡಿದು, "ಇದು ರಕ್ಷಿತಾ, ಇದು ಭರತ" ಎಂದು ಹೆಸರು ಹೇಳಿ, ಕೊನೆಗೆ, "ಹಂಗಾದ್ರೆ ನೀನೇ ಬಾರಾ. ಐತವಾರ ರಜೆ ಅಲ್ದಾ?" ಎಂದಿದ್ದರು. ಅವನು ಹೋದದ್ದು ಅವರು ತೆಗೆಯಲಾರದ್ದನ್ನು ತೆಗೆದು ತೋರಿಸಿ ಬರುವುದಕ್ಕೆ. ಆಮೇಲೆ ಹೋಗುತ್ತಲೇ ಇದ್ದದ್ದು ಯಾಕೆಂದು ಅವನು ಯೋಚಿಸಿರಲಿಲ್ಲ. ಅಲ್ಲಿ ಚಾ ಬರುತ್ತಿತ್ತು. ಅಲ್ಲಿ ಅವನು ಸುಮ್ಮನೆ ಕೂತರೂ ಯಾರೂ ಕೆಲಸ ಹೇಳುತ್ತಿರಲಿಲ್ಲ. ಒಮ್ಮೆ ಅಕ್ಕೋರು ಉದುರಿದ ರೆಕ್ಕೆಯೊಂದನ್ನು ಭೂತಗನ್ನಡಿಯ ಕೆಳಗಿಟ್ಟು, "ನೋಡು, ಈ ಪುಡಿ ಹೆಂಚು ಹೊದಿಸಿದ ಹಾಂಗದೆ" ಎಂದಾಗ ಅವನು ನೋಡಿ, "ಹೆಂಚಲ್ಲ ಅಕ್ಕೋರೆ, ಮೀನಿನ ಮೈ" ಎಂದಿದ್ದ. ಅವರು ಮತ್ತೊಮ್ಮೆ ಕಣ್ಣಿಟ್ಟು ನೋಡಿ, "ಹೌದೋ ಹೌದು" ಎಂದು ಅದನ್ನು ಪುಸ್ತಕದಲ್ಲಿ ಬರೆದುಕೊಂಡಿದ್ದರು. ಕಿಶನ ಹೇಳಿದ್ದು ಎಂದು ಹೆಸರು ಸಮೇತ. ಆ ದಿನ ತಿರುಗಿ ಬರುವಾಗ ಅವನಿಗೆ ಬಸ್ಸಿನಲ್ಲಿ ಒಂದೂ ಸಿಟ್ಟು ಬಂದಿರಲಿಲ್ಲ.

ಎಲ್ಲ ಹೆಸರುಗಳಲ್ಲಿ ಅಕ್ಕೋರ ಗಂಟಲು ಮೆತ್ತಗಾಗುತ್ತಿದ್ದದ್ದು ಒಂದಕ್ಕೆ ಮಾತ್ರ, ಬೊಮ್ಮುವಿಗೆ. ಕಪ್ಪು ಬಂಗಾರದ ಆ ದೊಡ್ಡ ಚಿಟ್ಟೆ ಮಳೆ ಕಳೆದ ಮೇಲೆ ಯಾವಾಗಲೋ ಒಮ್ಮೆ ಕಾಡಿನ ಕಡೆಯಿಂದ ಬಂದು, ಕೇಪಳದ ಮೇಲೆ ರೆಕ್ಕೆ ಬಡಿಯುತ್ತಲೇ ನಿಂತು, ಕೂತಿತು ಅನ್ನುವುದರೊಳಗೆ ಮಾಡಿನ ಮೇಲಿಂದ ಹೋಗಿಬಿಡುತ್ತಿತ್ತು. ನಿಜವಾದ ಬೊಮ್ಮು ಹಿಲ್ಲೂರಿನ ಆಚೆಯ ಕಾಡಂಚಿನ ಹುಡುಗ. ಅಕ್ಕೋರ ಮೊದಲ ನೌಕರಿ ಅಲ್ಲಿ. "ವರ್ಷಕ್ಕೆ ಹನ್ನೊಂದು ದಿವಸ ಬಂದವ, ಅದೂ ಬಾಗಿಲ ಹತ್ರ ನಿಂತೇ. ಒಂದಿನ ದೊಡ್ಡ ಹುಡುಗರು ನಾಲ್ಕು ಜನರನ್ನ ಕಳ್ಸಿ ಹೊತ್ಕಂಡೇ ತರಿಸ್ದೆ. ಇಡೀ ದಿವಸ ಕೂತಿದ್ದ ನೋಡು, ಕೈ ಕಟ್ಕಂಡು. ಅಷ್ಟು ಚಂದ ಕೂತವ ಯಾರೂ ಇಲ್ಲ" ಎಂದು ಅಕ್ಕೋರು ನಗುತ್ತಲೇ ಹೇಳಿದ್ದರು. "ಮತ್ತೆ?" ಎಂದು ಕಿಶನ ಕೇಳಿದ್ದಕ್ಕೆ, "ಮತ್ತೆಂತ, ಬರಲೇ ಇಲ್ಲ" ಎಂದು ಚಾದ ಲೋಟ ಎತ್ತಿಕೊಂಡು ಒಳಗೆ ಹೋಗಿದ್ದರು.

ಈ ಬೊಮ್ಮುವಿಗಾಗಿ ಕಿಶನ ಆರು ಐತವಾರ ಕಾದಿದ್ದ. ಅಕ್ಕೋರು ಮಡಿಲಲ್ಲಿ ಕೈಯಿಟ್ಟುಕೊಂಡು ಬಸ್ಸಿಗೆ ಕಾಯುವವರಂತೆ ಸುಖವಾಗಿ ಕೂತಿರುತ್ತಿದ್ದರು. ಅವನಿಗೆ ಕೂತಲ್ಲೇ ಇರುವೆ ಹತ್ತುತ್ತಿತ್ತು. ಸೋಮವಾರ ಸ್ಟುಡಿಯೋದಲ್ಲಿ ತುಳಸಿದಾಸ ಗಿರಾಕಿಗಳೆದುರೇ, "ನಮ್ಮ ಕಿಶನ ಪಾತರಗಿತ್ತಿ ಲಗ್ನದ ಆರ್ಡರ್ ಹಿಡಿದಾನೆ. ಹೆಣ್ಣು ಇನ್ನೂ ಮುಖ ತೋರಿಸಲಿಲ್ಲವಂತೆ" ಎನ್ನುತ್ತಿದ್ದ. ಏಳನೆಯ ಐತವಾರ ಬೆಳಿಗ್ಗೆ ಒಂದು ಸಣ್ಣ ಮಳೆ ಹೊಡೆದು ಹೋಗಿತ್ತು. ಅಕ್ಕೋರು ಚಾಕ್ಕೆ ನೀರಿಡಲು ಒಳಗೆ ಹೋದರು, ನಾಯಕರು ಪೇಟೆಗೆ ಹೋಗಿದ್ದರು. ಆಗ ಬೊಮ್ಮು ಬಂತು. ರೆಕ್ಕೆ ಒದ್ದೆಯಾಗಿತ್ತೇನೋ, ಕೇಪಳದ ಗಿಡದ ಕೆಳಗಿನ ಕೊಂಬೆಗೆ ರೆಕ್ಕೆ ಮಡಚಿಕೊಂಡು ಜೋತು ಬಿದ್ದಿತು. ಅವನು ಹೆಗಲ ಟವೆಲ್ಲನ್ನು ಬಲೆ ಬೀಸಿದ ಹಾಗೆ ಬೀಸಿದ. ಬೀಸುವಾಗ ಕೈ ತಾನಾಗಿಯೇ ಬೀಸಿತು, ಮೀನು ಹಿಡಿಯುವ ಅಪ್ಪನ ಕೈಯಂತೆ. ದೋಣಿಯ ತಳಕ್ಕೆ ಮೀನು ಬಡಿದ ಹಾಗೆ ಅದು ಅಂಗೈಗೆ ಬಡಿಯಿತು, ಆದರೆ ತೂಕವೇ ಇಲ್ಲದ ಬಡಿತ. ಅದೇ ಅವನನ್ನು ಹೆದರಿಸಿದ್ದು. ಗೇಟಿನ ಹತ್ತಿರ ಕಾಶಿ ಮಾವಶಿಯ ಮೀನು ಬುಟ್ಟಿ ಇತ್ತು. ಕಾಶಿ ಅವನ ತಾಯಿಯ ತಂಗಿ, ಬೇಲೇಕೇರಿಗೆ ಕೊಟ್ಟವಳು, ಈ ಕೇರಿಗೆಲ್ಲ ಮೀನು ತರುವವಳು. ಆಚೆ ಮನೆಯ ಜಗಲಿಯಲ್ಲಿ ನಿಂತು ಚೌಕಾಸಿ ಮಾಡುತ್ತಿದ್ದ ಅವಳಿಗೆ, "ಮಾವಶಿ, ಕೈ ಉಳುಕಿತು, ಒಂದು ಮುಷ್ಟಿ ಐಸು ತಕಂತೆ" ಎಂದು ಕೂಗಿ, ತನ್ನ ಊಟದ ಡಬ್ಬಿಗೆ ಐಸು ತುಂಬಿ, ಮೇಲೆ ಕರವಸ್ತ್ರ ಹಾಸಿ ಅದನ್ನು ಮಲಗಿಸಿದ. ಹುಟ್ಟಿದಂದಿನಿಂದ ಅವನು ಕಂಡದ್ದು ಅದೇ. ಎಷ್ಟು ಒದ್ದಾಡುವುದನ್ನಾದರೂ ಐಸಿನಲ್ಲಿಡು, ಸುಮ್ಮನಾಗುತ್ತದೆ. ಸುಮ್ಮನಾಗಿಯೂ ಬದುಕಿದ ಹಾಗೆ ಹೊಳೆಯುತ್ತದೆ. ಮೀನಿನ ಕಣ್ಣು ಕೆಂಪಾಗದಂತೆ, ಮೈ ಮಾಸದಂತೆ ಇಡುವುದೇ ತಾನೇ ಐಸಿನ ಕೆಲಸ? ಇನ್ನೂರು ಎಣಿಸಿ ತೆಗೆದು ಕೇಪಳದ ಗೊಂಚಲಿನ ಮೇಲೆ ಇಟ್ಟಾಗ ರೆಕ್ಕೆಗಳು ಮೆಲ್ಲಗೆ ತಮ್ಮ ಭಾರಕ್ಕೇ ತೆರೆದುಕೊಂಡವು. ಹನ್ನೊಂದು ಸಲ ಕ್ಯಾಮರಾ ಒತ್ತಿದ. ಹನ್ನೆರಡನೆಯದಕ್ಕೆ ಅದು ಪಕ್ಕಕ್ಕೆ ವಾಲಿತು. ಒಳಗೆ ಲೋಟದ ಸದ್ದು. ಅವನು ಅದನ್ನೆತ್ತಿ ಬಾವಿಯ ಹಿಂದಿನ ಅರಿಶಿನದ ಎಲೆಯ ಮೇಲೆ ಹಾಕಿ ಓಡಿ ಬಂದು ನಿಂತ. "ಬಂದಿತ್ತು ಅಕ್ಕೋರೆ. ಕೂತಿತ್ತು." ಅಕ್ಕೋರ ಕೈಯ ಚಾ ಸೆರಗಿನ ಮೇಲೆ ತುಳುಕಿತು. "ಎಷ್ಟು ಹೊತ್ತಿಗೆ?" "ಒಂಬತ್ತೂ ಹತ್ತಕ್ಕೆ." ಅವರು ಬಿಸಿ ಚಾ ತಾಗಿದ್ದೂ ತಿಳಿಯದೆ ಪುಸ್ತಕ ತಂದು ಗೆರೆ ಎಳೆದು, ಪಕ್ಕದಲ್ಲಿ 'ಕೂತಿತ್ತು' ಎಂದು ಬರೆದರು. ಆಮೇಲೆ ಅವನು ಬಾವಿಯ ಹಿಂದೆ ಹೋಗಲಿಲ್ಲ. ಹೋದ ಐತವಾರ ಬಂದಾಗಲೂ ಹೋಗಲಿಲ್ಲ. ಹೋದ ಐತವಾರ ಕೈಗೆ ಕೊಟ್ಟ ಸಣ್ಣ ಫೋಟೋದಲ್ಲೇ ಅಕ್ಕೋರು ಭೂತಗನ್ನಡಿ ಹಿಡಿದು ಬೊಟ್ಟನ್ನು ಕಂಡುಹಿಡಿದದ್ದು. "ಬೊಮ್ಮುಗೆ ಬೊಟ್ಟದೆ! ರೀ, ಇಲ್ನೋಡಿ, ಬೊಟ್ಟದೆ!"

ಭಾವಿಕೇರಿಯಲ್ಲಿ ಇಳಿದು ಗದ್ದೆಯ ಬದಿಯ ದಾರಿ ಹಿಡಿದಾಗ ಬಿಸಿಲು ಚುರುಕಾಗಿತ್ತು. ದಾರಿಯುದ್ದಕ್ಕೂ ಹಳದಿ, ಬಿಳಿ, ಕಂದು ಬಣ್ಣದ ಚಿಟ್ಟೆಗಳು ಕಾಲಿಗೆ ತೊಡರುವಷ್ಟು. ಎಲ್ಲ ಸೇರಿ ತನ್ನನ್ನು ಅಣಕಿಸುತ್ತಿವೆ ಅನ್ನಿಸಿ ಅವನು ಒಂದನ್ನು ಕೈ ಬೀಸಿ ಓಡಿಸಿದ. ಅದು ಒಂದು ಸುತ್ತು ಹಾಕಿ ಅವನ ಹೆಗಲ ಹತ್ತಿರವೇ ಬಂತು. ಗೇಟು ತೆರೆದರೆ ಹಿತ್ತಿಲಿನಲ್ಲಿ ಅಕ್ಕೋರು ಕೇಪಳದ ಗಿಡದೆದುರು ಸ್ಟೂಲು ಹಾಕಿಕೊಂಡು, ಕೈಗಡಿಯಾರವನ್ನು ಬಿಚ್ಚಿ ಮಡಿಲಲ್ಲಿಟ್ಟುಕೊಂಡು ಕೂತಿದ್ದರು.

"ಬಂದ್ಯಾ? ಮೆಲ್ಲಗೆ ಬಾ. ಒಂಬತ್ತೂ ಹತ್ತಕ್ಕೆ ಇನ್ನು ಮೂರು ನಿಮಿಷ ಅದೆ."

"ದಿನಾ ಹೀಂಗೇ ಮಾರಾಯಾ" ಎಂದರು ನಾಯಕರು ಜಗಲಿಯಿಂದ. "ಹದಿನಾಲ್ಕು ದಿವಸಾಯ್ತು. ಹಾಜರಿ ತಕಂಬವರೇ ಶಾಲೆಗೆ ತಡ. ನಿನ್ನೆ ಹೆಡ್ ಮಾಸ್ತರು ಇವಳ ಹೆಸರಿನ ಮುಂದೆ ತಡವಾಗಿ ಬಂದ ಹೊತ್ತು ಬರೆದ್ರಂತೆ."

"ಬರೀಲಿ ಬಿಡಿ" ಎಂದರು ಅಕ್ಕೋರು ತಿರುಗದೆಯೇ. "ಬೊಟ್ಟಿನ ಬೊಮ್ಮುನ್ನ ಒಂದ್ಸಲ ನನ್ ಕಣ್ಣಾರೆ ಕಾಣಬೇಕು. ಧಾರವಾಡದವರು ನೀವು ಕಂಡೀರಾ ಹೇಳಿ ಕೇಳಿದ್ರೆ ನಾನು ಎಂತ ಹೇಳೂದು?"

ಮೂರು ನಿಮಿಷವೂ ಕಳೆಯಿತು, ಹತ್ತೂ ಕಳೆಯಿತು. ರಕ್ಷಿತಾ ಬಂದು ನಿಂಬೆ ಗಿಡ ಸುತ್ತಿತು. ಭರತ ಯಾರನ್ನೋ ಅಟ್ಟಿಕೊಂಡು ಹೋಯಿತು. ತಾನು ಬಾಯಿಗೆ ಬಂದಂತೆ ಹೇಳಿದ ಒಂದು ಹೊತ್ತಿಗೆ ಈ ಹೆಂಗಸು ಹದಿನಾಲ್ಕು ಬೆಳಿಗ್ಗೆಗಳನ್ನು ಕಟ್ಟಿಹಾಕಿದ್ದಾರೆ ಎಂದು ತಿಳಿದು ಕಿಶನನಿಗೆ ಅವರ ಮೇಲೆಯೇ ಸಿಟ್ಟು ಬಂತು. ಯಾರು ಹೇಳಿದ್ದು ಇಷ್ಟು ನಂಬಲಿಕ್ಕೆ? ಎಂಟನೇ ಇಯತ್ತೆ ಬಿಟ್ಟವ, ಮದುವೆ ಮನೆಯಲ್ಲಿ ಲೈಟು ಹಿಡಿಯುವವ ಏನೋ ಒದರಿದರೆ ಅದನ್ನು ಪುಸ್ತಕದಲ್ಲಿ ಬರೆದುಕೊಳ್ಳುವುದೇ? ಅಕ್ಕೋರು ಎದ್ದು ಕೈ ಚಾಚಿದರು. "ತೋರಿಸು ನೋಡ್ವ." ಅವನು ಕೊಳವೆಯ ಬಾಯಿ ತೆಗೆದ. ಯಾವುದು ಹೊರಗಿನದು, ಯಾವುದು ಒಳಗಿನದು ಎಂದು ಬಸ್ಸಿನಲ್ಲಿ ಅಷ್ಟು ಸಲ ನೆನಪು ಮಾಡಿಕೊಂಡದ್ದು ಈಗ ತಲೆಯಲ್ಲಿ ಉಳಿದಿರಲಿಲ್ಲ. ಕೈಗೆ ಸಿಕ್ಕಿದ್ದು ಬೊಟ್ಟಿನದು.

ನಾಯಕರು ಕೂಡ ಪೇಪರು ಬಿಟ್ಟು ಎದ್ದು ಬಂದರು. ಅಕ್ಕೋರು ಫೋಟೋವನ್ನು ಜಗಲಿಯ ಮೇಲೆ ಹಾಸಿ ನಾಲ್ಕು ಮೂಲೆಗೆ ನಾಲ್ಕು ಲೋಟ ಇಟ್ಟು, ಬೊಟ್ಟಿನ ಸುತ್ತ ಬೆರಳಾಡಿಸಿದರು. ಬೊಟ್ಟು ಈಗ ಹುರುಳಿ ಕಾಳಿನಷ್ಟಾಗಿತ್ತು. ಕಿಶನ ತರಗತಿಯ ಹೊರಗೆ ಶಿಕ್ಷೆಗೆ ನಿಂತವನಂತೆ ಕಂಬಕ್ಕೆ ಒರಗಿ, ಲೆನ್ಸಿನ ಧೂಳು ಎಂದು ಮನಸ್ಸಿನಲ್ಲೇ ಅಂದುಕೊಂಡ. ಈಗ ಹೇಳಿದರೂ ನಡೆಯುತ್ತದೆ. ಅಷ್ಟರಲ್ಲಿ ರಸ್ತೆಯ ಕಡೆಯಿಂದ ದನಿ ಬಂತು. "ಬಂಗಡೇ... ತಾರ್ಲೇ... ಅಕ್ಕೋರೇ, ಮೀನ್ ಬೇಕೇನ್ರೇ?"

"ಕಾಶೀ, ಬಾರೇ ಇಲ್ಲಿ! ನಿಮ್ ಹುಡುಗ ಎಂತ ಮಾಡಿದಾನೆ ನೋಡು ಬಾ."

ಕಾಶಿ ಬುಟ್ಟಿ ಇಳಿಸಿ, ಕೈಯನ್ನು ಸೀರೆಗೆ ಎರಡೆರಡು ಸಲ ಒರೆಸಿ, ಮುಟ್ಟದೆ ಬಗ್ಗಿ ನೋಡಿದಳು. ಮೊದಲು ಅವಳ ಮುಖದಲ್ಲಿ ಬಂದದ್ದು ನಗು. ಬಾಯಿ ತೆರೆಯಿತು, "ಅಯ್ಯ, ಇದು..." ಎನ್ನುವಷ್ಟು. ಅಲ್ಲಿಗೆ ನಿಂತಿತು. ಅವಳು ತಲೆ ಎತ್ತಿ ಕಿಶನನನ್ನು ನೋಡಿದಳು. ಆಮೇಲೆ ಅವನ ಬಲಗೈಯನ್ನು.

"ಕೈ ನೋವು ಹೋಯ್ತೇನಾ?" ಎಂದಳು.

"ಹೋಯ್ತು."

"ಐಸು ಇಟ್ರೆ ಹೋಗ್ತದೆ" ಎಂದಳು ಕಾಶಿ, ಅವನಿಗೊಬ್ಬನಿಗೇ ಕೇಳುವಷ್ಟು. ಆಮೇಲೆ ಅಕ್ಕೋರ ಕಡೆ ತಿರುಗಿ ದೊಡ್ಡ ದನಿಯಲ್ಲಿ, "ಚಂದ ಬಂದದೆ ಅಕ್ಕೋರೆ. ಬೊಟ್ಟು ಅದಕ್ಕೇ ಹೇಳಿ ಇಟ್ಟ ಹಾಂಗದೆ. ದೃಷ್ಟಿ ಬೊಟ್ಟು ಅದು. ನಮ್ ಅಕ್ಕನ ಮಗನ ಕೈ ಗುಣ ನೋಡಿ" ಎಂದು ಎರಡು ಬಂಗಡೆ ಹೆಚ್ಚಿಗೆ ತೆಗೆದಿಟ್ಟು ಬುಟ್ಟಿ ಎತ್ತಿಕೊಂಡಳು. ಅವಳು ಗೇಟಿನ ತನಕ ಹೋಗುವುದನ್ನು ಕಿಶನ ನೋಡುತ್ತ ನಿಂತ. ಬೈದಿದ್ದರೆ ಆಗುತ್ತಿತ್ತು. ನಕ್ಕು ಕೂಗಿ ಹೇಳಿ ಮರ್ಯಾದೆ ತೆಗೆದಿದ್ದರೂ ಆಗುತ್ತಿತ್ತು, ಎದುರು ನಿಂತು ಜಗಳಾಡಬಹುದಿತ್ತು. ಈ ಹೆಂಗಸು ದಿನವಿಡೀ ಬಿಸಿಲಲ್ಲಿ ಬುಟ್ಟಿ ಹೊತ್ತು ತಿರುಗುವವಳು, ಅವನ ಸುಳ್ಳನ್ನೂ ಅದರ ಮೇಲೊಂದು ಪದರ ಐಸು ಹಾಕಿ ಮುಚ್ಚಿ ಹೊತ್ತುಕೊಂಡು ಹೊರಟಿದ್ದಳು, ಕೆಡಬಾರದೆಂದು. ಅವನ ಕಿವಿ ಬೆಂದು ಹೋಯಿತು.

"ಅದು ತಾರ್ಲೆ ಹುರುಪೆ ಅಕ್ಕೋರೆ!" ಎಂದ. ಬೇಕಾದ್ದಕ್ಕಿಂತ ದೊಡ್ಡದಾಗಿ, ಯಾರೋ ಅಲ್ಲವೆಂದು ವಾದಿಸುತ್ತಿದ್ದಾರೆ ಎನ್ನುವ ಹಾಗೆ. "ಬೊಟ್ಟೂ ಅಲ್ಲ, ಗಿಟ್ಟೂ ಅಲ್ಲ. ಮಾವಶಿಗೆ ಗೊತ್ತಾಗಿದೆ, ಆದ್ರೂ ಸುಮ್ನೆ ಹೋಗ್ತಿದ್ದಾಳೆ. ನಾನೇ ಟವೆಲ್ ಹಾಕಿ ಹಿಡಿದೆ. ಅವಳ ಬುಟ್ಟಿ ಐಸಿನಲ್ಲಿ ಇಟ್ಟೆ. ಕೂರಲಿಲ್ಲ ಅದು, ನಾ ಕೂರಿಸ್ದೆ. ಒಂಬತ್ತೂ ಹತ್ತೂ ಸುಳ್ಳು, ನಾ ಗಡಿಯಾರನೇ ನೋಡ್ಲಿಲ್ಲ."

ನಾಯಕರು ಒಂದು ನಗು ಶುರು ಮಾಡಿ, ಹೆಂಡತಿಯ ಮುಖ ನೋಡಿ ಅರ್ಧಕ್ಕೇ ನುಂಗಿದರು. ಗೇಟಿನ ಹತ್ತಿರ ಕಾಶಿ ಬುಟ್ಟಿಯ ಸಮೇತ ನಿಂತಿದ್ದಳು. ಅಕ್ಕೋರು ಬಗ್ಗಿ ಬೊಟ್ಟನ್ನು ಇನ್ನೊಮ್ಮೆ ನೋಡಿದರು. ಎಷ್ಟು ಹೊತ್ತು ನೋಡಿದರೆಂದರೆ, ಅವರು ಕೇಳಲಿಲ್ಲವೇನೋ, ಇನ್ನೊಮ್ಮೆ ಹೇಳಬೇಕೇನೋ ಎಂದು ಕಿಶನನಿಗೆ ದಿಗಿಲಾಯಿತು.

"ಸತ್ತೋಯ್ತಾ?" ಎಂದರು ಅಕ್ಕೋರು.

"ಗೊತ್ತಿಲ್ಲ."

"ಎಲ್ಲಿಟ್ಟೆ?"

ಬಾವಿಯ ಹಿಂದೆ ಹೋದರು, ಮುಂದೆ ಅವರು, ಹಿಂದೆ ಇವನು. ಅರಿಶಿನದ ಗಿಡಗಳು ಹದಿನಾಲ್ಕು ದಿನದಲ್ಲಿ ಇನ್ನಷ್ಟು ಒತ್ತಾಗಿ ಬೆಳೆದು ಯಾವ ಎಲೆ ಎಂದೂ ಗೊತ್ತಾಗುವಂತಿರಲಿಲ್ಲ. ಅಕ್ಕೋರು ಒಂದೊಂದೇ ಎಲೆಯನ್ನು ಎತ್ತಿ, ಬುಡದ ಮಣ್ಣನ್ನು ಬೆರಳಿನಿಂದ ಕೆದಕಿ ನೋಡಿದರು. ಒಂದು ಬಂಗಾರದ ಚೂರೂ ಇರಲಿಲ್ಲ. ಇರುವೆಗಳು ತಮ್ಮ ಪಾಡಿಗೆ ಸಾಲು ಹಿಡಿದು ಹೋಗುತ್ತಿದ್ದವು, ಅವುಗಳ ಬಾಯಿಯಲ್ಲೂ ಏನೂ ಇರಲಿಲ್ಲ. ಇರುವೆಗಳು ತಿಂದು ಮುಗಿಸಿದ್ದರೂ ಹೀಗೆಯೇ ಇರುತ್ತಿತ್ತು, ಹಾರಿ ಹೋಗಿದ್ದರೂ ಹೀಗೆಯೇ.

"ಹದಿನಾಲ್ಕು ದಿವಸ ಕೂತೆ ನಾನು" ಎಂದರು ಅಕ್ಕೋರು ಮಣ್ಣಿನ ಕೈ ಕೊಡವುತ್ತ. ದನಿ ಏರಲಿಲ್ಲ. "ಮಕ್ಕಳೆಲ್ಲ ಕೇಳಿದ್ರು, ಅಕ್ಕೋರೇ ಯಾಕೆ ತಡ ಹೇಳಿ. ಬೊಮ್ಮುಗೆ ಬೊಟ್ಟದೆ ಹೇಳಿ ಇಡೀ ಶಾಲೆಗೆ ಹೇಳ್ದೆ. ಚಿತ್ರ ಬರೆಸ್ದೆ. ನಲವತ್ತು ಮಕ್ಕಳು ಬೊಟ್ಟು ಇಟ್ಟೇ ಬರೆದಾರೆ." ಆಮೇಲೆ ಒಳಗೆ ಹೋಗಿ ಹಾಜರಿ ಪುಸ್ತಕ ತಂದು, ಆ ಐತವಾರದ ಪುಟ ತೆರೆದು ಜಗಲಿಯ ಮೇಲೆ ಅವನೆದುರು ಇಟ್ಟರು. ಪೆನ್ನು ಕೊಟ್ಟರು. ಕೆಂಪು ಗೆರೆ ತಾನೇ ಎಳೆಯಬೇಕೆಂದು ತಿಳಿದು ಕಿಶನ 'ಕೂತಿತ್ತು' ಎಂಬುದರ ಮೇಲೆ ಪೆನ್ನು ಇಟ್ಟ.

"ಹೊಡೀಬೇಡ. ಕೆಳಗೆ ಬರಿ."

"ಎಂತ ಬರೀಲಿ?"

"ಆದದ್ದು."

ಬಿಲ್ಲಿನ ಮೇಲೆ ಗಿರಾಕಿಗಳ ಹೆಸರು ಬಿಟ್ಟರೆ ಅವನು ಏಳು ವರ್ಷದಿಂದ ಒಂದು ವಾಕ್ಯ ಬರೆದವನಲ್ಲ. ಅಕ್ಷರಗಳು ಒಂದು ದೊಡ್ಡದು ಒಂದು ಸಣ್ಣದಾಗಿ ಗೆರೆಯಿಂದ ಜಾರುತ್ತಿದ್ದವು. ಅಕ್ಕೋರು ನೋಡದಂತೆ ಕರಿಬೇವಿನ ಗಿಡದ ಕಡೆ ಮುಖ ಮಾಡಿ ನಿಂತರು. 'ಬಂದಿತ್ತು. ಕೂರಲಿಲ್ಲ. ನಾನು ಹಿಡಿದು ಐಸಿನಲ್ಲಿ ಇಟ್ಟೆ. ಬೊಟ್ಟು ಮೀನಿನದು. ಬದುಕಿತೋ ಸತ್ತಿತೋ ಗೊತ್ತಿಲ್ಲ. ಕಿಶನ.' ಅಕ್ಕೋರು ಓದಿದರು. ತಿದ್ದಲಿಲ್ಲ. ಬೊಟ್ಟಿನ ಫೋಟೋವನ್ನು ಸುತ್ತಿ ಪುಸ್ತಕದ ಪಕ್ಕ ಇಟ್ಟು, "ಇದು ಇಲ್ಲೇ ಇರ್ಲಿ. ಸೋಮವಾರ ಮಕ್ಕಳಿಗೆ ತೋರಿಸಿ ಹೇಳ್ತೆ" ಎಂದರು. ಕಾರವಾರದ ಪ್ರದರ್ಶನದ ಮಾತನ್ನು ಯಾರೂ ಎತ್ತಲಿಲ್ಲ. ಅವನು ಕ್ಯಾಮರಾದ ಚೀಲ ಹೆಗಲಿಗೇರಿಸಿದಾಗ ಅಕ್ಕೋರು ಹಿಂದಿನಿಂದ ಹೇಳಿದರು.

"ಬರೋ ಐತವಾರ ಅದನ್ನ ತರಬೇಡ."

"ಎಂತದು?"

"ಕ್ಯಾಮರಾ."

"ಮತ್ತೆ ನಾ ಬಂದು ಎಂತ ಮಾಡೂದು?"

"ಕೂತ್ಕಾ" ಎಂದರು ಅಕ್ಕೋರು, ಇನ್ನೂ ಸಿಟ್ಟಿನಲ್ಲಿಯೇ.

ಬಸ್‌ಸ್ಟಾಪಿನ ಮಾಡಿನ ಅಡಿಯಲ್ಲಿ ಕಾಶಿ ಖಾಲಿಯಾದ ಬುಟ್ಟಿಯನ್ನು ಬೋರಲು ಹಾಕಿ ಅದರ ಮೇಲೆ ಕೂತಿದ್ದಳು. "ಕಿತೆಂ ರೆ?" ಎಂದು ಮಾತ್ರ ಕೇಳಿದಳು ಕೊಂಕಣಿಯಲ್ಲಿ, ಏನಾಯಿತೋ ಎನ್ನುವಂತೆ. ಅವನು ಭುಜ ಹಾರಿಸಿದ. ಅವಳು ಕೊಳವೆಯನ್ನು ಬೆರಳಿನಿಂದ ತಟ್ಟಿ ಒಳಗೆ ಇನ್ನೂ ಏನೋ ಇದೆಯಲ್ಲ ಎಂದಳು. ತೆಗೆದು ಕೊಟ್ಟ. ಕಾಶಿ ಬಿಚ್ಚಿ, ಹುಡುಕಿ, ತಿರುಗಿಸಿ ನೋಡಿ, "ಹುರುಪೆ ಎಲ್ಲಿ?" ಎಂದಳು.

"ಅಳಿಸ್ದೆ."

"ಥೂ. ನಂಗೆ ಹುರುಪೆ ಇದ್ದದ್ದೇ ಬೇಕಾಗಿತ್ತು. ಅದು ನನ್ ತಾರ್ಲೆದು" ಎಂದು, ಆದರೂ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡಳು. "ಇರ್ಲಿ. ಗೋಡೆಗೆ ಹಾಕಿ ನಾನೇ ಒಂದು ಅಂಟಿಸ್ತೆ." ಅವನಿಗೆ ನಗು ಬಂತು, ಬಂದದ್ದಕ್ಕೆ ಸಿಟ್ಟೂ ಬಂತು.

ಅಂಕೋಲೆಯಿಂದ ತಿರುಗಿ ಹೋಗುವ ಬಸ್ಸು ಬೆಳಗಿನದೇ. ಕಂಡಕ್ಟರ್ ಗುರುತು ಹಿಡಿದು, "ಕೊಳಲು ಎಲ್ಲೋಯ್ತಾ ತಮಾ?" ಎಂದ. "ಮಾವಶಿಗೆ ಕೊಟ್ಟೆ" ಎಂದ ಕಿಶನ. ಬಂದು ಕೂತದ್ದು ಅದೇ ಕಿಟಕಿಯ ಹತ್ತಿರ. ಅದು ಅರ್ಧಕ್ಕೇ ಕಚ್ಚಿಕೊಂಡು ಹಾಗೆಯೇ ಇತ್ತು. ಕೂತ್ಕಾ ಅಂತೆ. ಕ್ಯಾಮರಾ ಇಲ್ಲದೆ ಅಲ್ಲಿ ಹೋಗಿ ಕೈಯನ್ನು ಎಲ್ಲಿಡುವುದು, ಮಡಿಲಲ್ಲೇ? ಬಂದರೆ ತಾನೇ, ಎಂದು ಅವನು ಹಲ್ಲು ಕಚ್ಚಿದ. ಹಾರವಾಡದ ತಿರುವಿನಲ್ಲಿ ಬಸ್ಸು ನಿಧಾನವಾದಾಗ ಕಿಟಕಿಯ ಆ ಅರ್ಧದಿಂದ ಒಂದು ಹಳದಿ ಚಿಟ್ಟೆ ಒಳಗೆ ಬಂತು. ಯಾರದೋ ತಲೆಗೂದಲಿನ ಮೇಲೆ, ತೂಗುತ್ತಿದ್ದ ಚೀಲದ ಮೇಲೆ, ಡ್ರೈವರನ ಹಿಂದಿನ ದೇವರ ಪಟದ ಹೂವಿನ ಮೇಲೆ ಸುಳಿಯಿತು. ಹೆಂಗಸೊಬ್ಬಳು ಮಗುವಿನ ಕೈ ಹಿಡಿದೆತ್ತಿ ತೋರಿಸಿದಳು. ಕಿಶನನ ಕೈ ಕ್ಯಾಮರಾ ಚೀಲದ ಜಿಪ್ಪಿನ ತನಕ ಹೋಗಿ, ಅಲ್ಲಿಂದ ಕಂಡಕ್ಟರನ ಕಿವಿಯ ಮೇಲಿನ ಪೆನ್ನಿನ ಕಡೆಗೆ ಹೋಯಿತು.

"ಗಂಟೆ ಎಷ್ಟಾಯ್ತು?"

"ಹನ್ನೆರಡೂ ಹತ್ತು. ಯೆಂತಕ್ಕಾ?"

ಅವನು ಟಿಕೇಟಿನ ಹಿಂದೆ ಕುಲುಕುತ್ತಲೇ ಬರೆದ. 'ಹಾರವಾಡ. ಹನ್ನೆರಡೂ ಹತ್ತು. ಹಳದಿ.' ಹೆಸರು ಏನೆಂದು ಗೊತ್ತಿರಲಿಲ್ಲ, ಆ ಜಾಗ ಖಾಲಿ ಬಿಟ್ಟ. ಚಿಟ್ಟೆ ಅವನ ಮುಖದ ಎದುರು ಒಂದು ಕ್ಷಣ ತಡೆದು ಅದೇ ಅರ್ಧ ಕಿಟಕಿಯಿಂದ ಸಮುದ್ರದ ಕಡೆ ಹೋಯಿತು. ಅದು ಪೂರಾ ಮರೆಯಾಗುವ ತನಕ ನೋಡಿ, ಆಮೇಲೆ ಕೆಳಗೆ ಬರೆದ: 'ಬಂದಿತ್ತು. ಕೂರಲಿಲ್ಲ.'